ಕೆಂಪಿಯ ಮನೆಗೆ ಬಂದ ಬೂದ

ಕಳೆದ ಡಿಸೆಂಬರ್‌ನಲ್ಲಿ ಕೊಡ್ಲಿಪೇಟೆ ಹತ್ತಿರದ ನಮ್ಮ ಹಳೆಯ ಮನೆಯನ್ನು ಕೆಡವಿದರು. ರಸ್ತೆ ಅಗಲವಾಗುವುದಿತ್ತು. ಹೆಂಚು ಇಳಿಸಿ ಗೋಡೆಗೆ ಕೈ ಹಾಕುವ ಮೊದಲು ನಾನು ಒಮ್ಮೆ ಒಳಗೆ ಹೋಗಿ ಬಂದೆ. ಅಡುಗೆಮನೆಯಲ್ಲಿ ಯಾವ ವಾಸನೆಯೂ ಉಳಿದಿರಲಿಲ್ಲ. ಆದರೆ ಕಾಫಿ ಮೂಟೆ ಇಡುತ್ತಿದ್ದ ಕೋಣೆಯ ಮೂಲೆಯಲ್ಲಿ, ನೆಲಕ್ಕೇ ಇಳಿದುಹೋದಂತೆ, ಕೊಳೆತ ಬೆಳ್ಳುಳ್ಳಿಯಂಥ ಒಂದು ಘಾಟು ಇನ್ನೂ ಇತ್ತು. ಅದು ಇರುವೆ ಪುಡಿಯ ವಾಸನೆ. ಕಾಫಿ ಕೊಯ್ಲಿಗೆ ಮೊದಲು ಗಿಡಗಳಲ್ಲಿ ಕೆಂಜಿಗ ಇರುವೆ ಗೂಡು ಕಟ್ಟಿರುತ್ತದೆ. ಕೊಯ್ಯುವವರ ಕತ್ತು, ಕಂಕುಳು ಕಚ್ಚುತ್ತದೆ. ಅದಕ್ಕೆ ಆ ಪುಡಿಯನ್ನು ಹಳೇ ಬಟ್ಟೆಯಲ್ಲಿ ಗಂಟು ಕಟ್ಟಿ, ಕೋಲಿನ ತುದಿಗೆ ಸಿಕ್ಕಿಸಿ, ಗಿಡದಿಂದ ಗಿಡಕ್ಕೆ ತಟ್ಟುತ್ತಾ ಹೋಗುತ್ತಿದ್ದರು. ಉಳಿದದ್ದು ಆ ಮೂಲೆಯಲ್ಲಿರುತ್ತಿತ್ತು. ನಾಯಿಗೆ ಉಣ್ಣಿ ಹಿಡಿದರೆ ಅದರ ಬೆನ್ನಿಗೂ ಅದನ್ನೇ ಸವರುತ್ತಿದ್ದರು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹಾಗೆಯೇ. ಈಗ ಇಲ್ಲವಾದ ಮನೆಯೊಂದರ ವಾಸನೆ ನಿಮ್ಮ ಮೂಗಿನಲ್ಲೂ ಉಳಿದಿದ್ದರೆ, ನಾನು ಅಲ್ಲಿ ಯಾಕೆ ಅಷ್ಟು ಹೊತ್ತು ನಿಂತೆ ಎಂದು ನಿಮಗೆ ಹೇಳಬೇಕಾಗಿಲ್ಲ.

ನಾನು ಆಗ ಐದನೇ ಕ್ಲಾಸು. ಮನೆಯಲ್ಲಿ ಅಪ್ಪ, ಅವ್ವ, ನಾನು, ಮತ್ತೆ ಕೆಂಪಿ. ಕೆಂಪಿ ವಯಸ್ಸಾದ ಹೆಣ್ಣು ಬೆಕ್ಕು, ಹೆಂಚಿನ ಬಣ್ಣದ್ದು. ಒಲೆಯ ಪಕ್ಕದ ಬೆಚ್ಚನೆಯ ಕಟ್ಟೆ ಅದರದ್ದು. ಅವ್ವ ಹಾಲು ಕಾಯಿಸುವಾಗ ಅದು ಕಣ್ಣು ಮುಚ್ಚಿಕೊಂಡೇ ಎಚ್ಚರವಾಗಿರುತ್ತಿತ್ತು. ಆ ವರ್ಷ ಗದ್ದೆ ಕೊಯ್ಲಿನ ಹೊತ್ತಿಗೆ ಶಾರದತ್ತೆ ಬಂದರು. ಅಪ್ಪನ ತಂಗಿ. ಕುಟ್ಟದ ಕಡೆಯ ಗಂಡನ ಮನೆಯಿಂದ ಒಂದು ಬ್ಯಾಗಿನೊಂದಿಗೆ ಬಂದವರು ಹಿಂದಕ್ಕೆ ಹೋಗಲಿಲ್ಲ. ಕಾರಣವನ್ನು ನನ್ನ ಮುಂದೆ ಯಾರೂ ಮಾತಾಡಲಿಲ್ಲ. ಮಲಗಲು ಅವರಿಗೆ ಮೂಟೆಯ ಕೋಣೆ ಕೊಟ್ಟರು. ಅವ್ವ ಕೆಟ್ಟವಳಲ್ಲ. ಆದರೆ ಅನ್ನ ಬಡಿಸುವಾಗ ಅವಳ ಸೌಟು ಅತ್ತೆಯ ತಟ್ಟೆಯ ಮೇಲೆ ಒಂದು ಕ್ಷಣ ನಿಲ್ಲುತ್ತಿತ್ತು. ಅದನ್ನು ನಾನೂ ನೋಡುತ್ತಿದ್ದೆ, ಅತ್ತೆಯೂ ನೋಡುತ್ತಿದ್ದರು.

ಬೂದ ಪಕ್ಕದ ಬಾಡಿಗೆ ಮನೆಯವರ ಬೆಕ್ಕು. ಅವರು ಇದ್ದಾಗಲೇ ಅದಕ್ಕೆ ಯಾರೂ ಅನ್ನ ಹಾಕುತ್ತಿರಲಿಲ್ಲ. ಮನೆ ಖಾಲಿ ಮಾಡಿ ಹೋಗುವಾಗ ಕೋಳಿಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡರು, ಬೆಕ್ಕನ್ನು ಬಿಟ್ಟರು. ಇನ್ನೂ ಪೂರಾ ಬೆಳೆಯದ ಗಂಡು, ಬೂದಿ ಬಣ್ಣ, ಒಂದು ಕಣ್ಣು ಕೀವಿನಿಂದ ಅಂಟಿಕೊಂಡಿತ್ತು, ಮೈತುಂಬ ಚಿಗಟ. ಬೀಗ ಹಾಕಿದ ಬಾಗಿಲ ಮುಂದೆ ಕೂತು ಕೂಗುತ್ತಿತ್ತು. ಕೂಗಿ ಕೂಗಿ ಗಂಟಲು ಹೋಗಿ, ಆಮೇಲೆ ಬಾಯಿ ಮಾತ್ರ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ. ಅತ್ತೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದರು.

"ಒಂದ್ಕೆ ಹಾಕಾದೇ ಸಾಕಾಗ್ಯದೆ. ಇನ್ನೊಂದ್ ಯಾರಿಗ್ ಬೇಕಾಗಿತ್ತು ಶಾರದಾ?" ಎಂದಳು ಅವ್ವ.

"ನನ್ ತಟ್ಟೇದ್ ಹಾಕ್ತೀನಿ ಅತ್ಗೆ. ನಿಮ್ ಪಾತ್ರೆಗ್ ಕೈ ಹಾಕಲ್ಲ."

ಕೆಂಪಿ ಒಲೆಕಟ್ಟೆಯಿಂದ ಇಳಿದು ಬಂದು, ಬಾಲವನ್ನು ಬಾಟಲಿ ತೊಳೆಯುವ ಬ್ರಷ್ಷಿನಂತೆ ಉಬ್ಬಿಸಿ, ಬೂದನ ಮೂಗಿಗೆ ಪರಚಿತು. ರಕ್ತ ಬಂತು. ಅಪ್ಪ ನಕ್ಕ. "ಹೆಂಗಸ್ರು ಬಾಯ್ಬಿಟ್ಟು ಆಡ್ದಿದ್ ಜಗಳಾನ ಬೆಕ್ಕುಗಳು ಆಡ್ತವೆ ನೋಡು. ಪಂಚಾಯ್ತಿ ಕರೆಸ್ಲಾ?" ಯಾರೂ ನಗಲಿಲ್ಲ. ಬೂದ ಸೌದೆ ಒಟ್ಟಿಲಿನ ಕೆಳಗೆ ಸೇರಿತು. ಕೆಂಪಿ ಅದನ್ನು ಹೊಸ್ತಿಲು ದಾಟಲು ಬಿಡಲಿಲ್ಲ, ಅವ್ವನೂ ಬಿಡಲಿಲ್ಲ. ಅತ್ತೆ ಬೆಳಗ್ಗೆ ಉಪ್ಪುನೀರಲ್ಲಿ ಅದ್ದಿದ ಬಟ್ಟೆಯಿಂದ ಅದರ ಕಣ್ಣು ಒರೆಸುತ್ತಾ, ನಾನು ಪಕ್ಕದಲ್ಲಿದ್ದೇನೆ ಎಂಬುದನ್ನು ಮರೆತವರಂತೆ ಮಾತಾಡುತ್ತಿದ್ದರು. "ತೆಪ್ಪಗೆ ಇರ‍್ಬೇಕು ಕಣೋ ಭಿಕಾರಿ. ಕದ್ದು ತಿನ್ಬಾರ‍್ದು, ಎದುರು ನಿಲ್ಬಾರ‍್ದು. ನಿನ್ನ ಓಡ್ಸಿದ್ರೆ ಮುಂದಿನ್ ಸರದಿ ನಂದೇ." ನಗುತ್ತಲೇ ಹೇಳಿದರು. ಬಟ್ಟೆ ಹಿಡಿದ ಕೈ ಮಾತ್ರ ನಿಂತಿತ್ತು.

ಚಳಿ ಜೋರಾಯಿತು. ಕಣದಲ್ಲಿ ಕಾಫಿ ಹಣ್ಣು ಹರಡುವ ದಿನಗಳು ಬಂದವು. ಒಂದು ಬೆಳಗ್ಗೆ, ಕಣದ ಬಿಸಿಲಲ್ಲಿ ಕೆಂಪಿ ಮಲಗಿದ್ದ ಗೋಣಿಚೀಲದ ಇನ್ನೊಂದು ತುದಿಗೆ ಬೂದ ಬಂದು ಕೂತಿತು. ಕೆಂಪಿ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು. ಮಾರನೆಯ ದಿನ ಎರಡರ ನಡುವಿನ ಜಾಗ ಕಡಿಮೆಯಾಗಿತ್ತು. ಅತ್ತೆ ನನ್ನ ಭುಜ ಹಿಡಿದು, "ಸದ್ದು ಮಾಡ್ಬೇಡ ಪುಟ್ಟಿ, ನೋಡು" ಎಂದರು. ಬಾಗಿಲಲ್ಲಿ ನಿಂತ ಅವ್ವನೂ ನೋಡಿದಳು. ಆ ಸಂಜೆ ಬೆಚ್ಚಗಿನ ಅನ್ನಕ್ಕೆ ಹಾಲು ಕಲಸಿ, ಸೌದೆಯ ಹತ್ತಿರ ತಾನೇ ಇಟ್ಟುಬಂದಳು. "ಚಿಗಟ ಹೋದ್ರೆ ಒಳಗ್ ಬಂದ್ಕಳ್ಲಿ, ಚಳೀಲಿ ಸಾಯ್ತದೆ" ಎಂದಳು. ಅತ್ತೆ ಮುಖ ತಿರುಗಿಸಿಕೊಂಡು ಬಾವಿಕಟ್ಟೆಗೆ ಹೋದರು. ಅಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದೇನೆ.

ಮರುದಿನ ಅತ್ತೆ ಕಾಫಿ ಕೊಯ್ಯಲು ತೋಟಕ್ಕೆ ಹೋಗಿದ್ದಾಗ ಅವ್ವ ಮೂಲೆಯಿಂದ ಪುಡಿಯ ಗಂಟು ತಂದಳು. ಬೂದನನ್ನು ಕಾಲ ನಡುವೆ ಹಿಡಿದು ಕತ್ತು, ಬೆನ್ನು, ಹೊಟ್ಟೆಗೆ ನಿಧಾನವಾಗಿ ತಟ್ಟಿದಳು. ಅವಳ ಕೈ ಅದನ್ನು ಮುಟ್ಟಿದ್ದು ಅದೇ ಮೊದಲು. "ಇರು, ಇರು, ಆಯ್ತು" ಎಂದು ಸಮಾಧಾನ ಮಾಡುತ್ತಿದ್ದಳು. ಅತ್ತೆ ಬರುವಷ್ಟರಲ್ಲಿ ಅದು ಒಳಗಿರಲಿ ಎಂದು ಎತ್ತಿ ತಂದು ಒಲೆಕಟ್ಟೆಯ ಹತ್ತಿರ ಬಿಟ್ಟಳು. ನಾಯಿ ಮೈ ನೆಕ್ಕಿಕೊಳ್ಳುವುದು ಕಡಿಮೆ, ಬೆಕ್ಕು ಬಿಡುವುದೇ ಇಲ್ಲ. ಇದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಕೆಂಪಿ ಬೂದನನ್ನು ಮೂಸಿತು. ಪರಚಲಿಲ್ಲ. ಅದರ ಕತ್ತಿನ ಮೇಲೆ ಮುಂಗಾಲಿಟ್ಟು ಒತ್ತಿ ಹಿಡಿದು, ಮರಿಗೆ ಮಾಡುವ ಹಾಗೆ, ತಲೆಯಿಂದ ಬಾಲದವರೆಗೆ ನೆಕ್ಕತೊಡಗಿತು. ಅವ್ವ ಕೆಲಸ ಬಿಟ್ಟು ನೋಡುತ್ತಾ ಕೂತಳು. ಅವಳು ಅಷ್ಟು ಸಂತೋಷವಾಗಿದ್ದುದನ್ನು ನಾನು ಹೆಚ್ಚು ಸಲ ಕಂಡಿಲ್ಲ.

ಮಧ್ಯಾಹ್ನ ಕೆಂಪಿಯ ಬಾಯಲ್ಲಿ ಜೊಲ್ಲು ಇಳಿಯಿತು. ಆಮೇಲೆ ಹಿಂಗಾಲು ಎಳೆಯಿತು, ಮೈ ಅದುರಿತು. ಬೂದನೂ ಒಂದೆರಡು ಸಲ ವಾಂತಿ ಮಾಡಿ ಮೂಲೆಯಲ್ಲಿ ಮುದುರಿಕೊಂಡಿತು. ನಾನು ಹೋಗಿ ಕರೆದಾಗ ತೋಟದಿಂದ ಓಡಿಬಂದ ಅತ್ತೆ ಬೂದನನ್ನು ಬಾವಿಕಟ್ಟೆಯಲ್ಲಿ ಸೋಪು ಹಾಕಿ ತೊಳೆದು ನನ್ನ ಮಡಿಲಿಗೆ ಕೊಟ್ಟರು. ಕೆಂಪಿಯನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು ಪೇಟೆಯ ದಾರಿ ಹಿಡಿದರು. ಅವ್ವ ಚಪ್ಪಲಿಯಿಲ್ಲದೆ ಹಿಂದೆ ಹೋದಳು. ದನದ ಡಾಕ್ಟರು ಬೇರೆ ಊರಿಗೆ ಕರು ಹಾಕಿಸಲು ಹೋಗಿದ್ದರಂತೆ. ಅವರು ಬರುವವರೆಗೂ ಇಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದರು. ಅವರು ಬಂದಾಗ ಟವೆಲ್ ಬಿಚ್ಚುವ ಅಗತ್ಯ ಇರಲಿಲ್ಲ. ನಡೆದದ್ದನ್ನು ಕೇಳಿ ಡಾಕ್ಟರು, ಬೂದನ ಮೈಮೇಲಿನ ವಿಷ ಬಹುಪಾಲು ಕೆಂಪಿಯ ಹೊಟ್ಟೆಗೆ ಹೋಗಿದೆ, ಅದಕ್ಕೇ ಬೂದ ಉಳಿದಿದೆ ಎಂದರು.

ಅವ್ವನನ್ನು ಯಾರೂ ಬಯ್ಯಲಿಲ್ಲ. "ನೀವ್ ಒಳ್ಳೇದಕ್ಕೇ ಮಾಡಿದ್ರಿ ಅತ್ಗೆ" ಎಂದರು ಶಾರದತ್ತೆ.

"ಓಡ್ಸಿದ್ರೆ ಎಲ್ಡೂ ಬದುಕ್ತಿದ್ವು" ಎಂದಳು ಅವ್ವ.

ಅಷ್ಟೇ ಮಾತು. ಅತ್ತೆ ಅದನ್ನು ಬೆಕ್ಕುಗಳ ಬಗ್ಗೆ ಮಾತ್ರ ಎಂದು ಕೇಳಿಸಿಕೊಳ್ಳಲಿಲ್ಲ ಎಂದು ಈಗ ತಿಳಿಯುತ್ತದೆ. ಕೊಯ್ಲು ಮುಗಿಯುವ ಮೊದಲೇ ಅವರು ಬ್ಯಾಗು ತೆಗೆದುಕೊಂಡು ಹೊರಟರು. ಹೋಗು ಎಂದು ಯಾರೂ ಹೇಳಿರಲಿಲ್ಲ. ಇರು ಎಂದು ಅಪ್ಪ ಹೇಳಿದ, ಅವ್ವ ಒಳಗಿನಿಂದ ಬರಲೇ ಇಲ್ಲ. ಬೂದ ನಮ್ಮಲ್ಲೇ ಉಳಿಯಿತು. ಒಲೆಕಟ್ಟೆ ಖಾಲಿಯಿದ್ದರೂ ಸೌದೆ ಒಟ್ಟಿಲಿನ ಹತ್ತಿರವೇ ಮಲಗುತ್ತಿತ್ತು. ಅವ್ವ ದಿನಾ ಅನ್ನ ಹಾಕಿದಳು. ಎಂದೂ ಕರೆಯಲಿಲ್ಲ, ಮುಟ್ಟಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಹೊರಗೆ ಹೋದದ್ದು ಬರಲಿಲ್ಲ. ಅಪ್ಪ, ಅವ್ವ ಈಗ ಇಲ್ಲ.

ಶಾರದತ್ತೆ ಕುಶಾಲನಗರದಲ್ಲಿದ್ದಾರೆ. ಒಂದು ಕೋಣೆಯ ಬಾಡಿಗೆ ಮನೆ, ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ನು. ಹೋದ ತಿಂಗಳು ಅವರನ್ನು ನೋಡಲು ಹೋಗಿದ್ದೆ. ಕಾಫಿ ಕುಡಿಯುತ್ತಿರುವಾಗ ಹಿತ್ತಲಲ್ಲಿ ಒಂದು ಬೆಕ್ಕು ಕೂಗಿತು. ಅತ್ತೆ ಲೋಟ ಕೆಳಗಿಟ್ಟು, ಎದ್ದುಹೋಗಿ ಬಾಗಿಲು ಹಾಕಿ ಬಂದರು.