ಹೊಸೆಯದ ನಾರು

ಪುಂಡಿಯ ದಂಟನ್ನು ನೀರಿನಲ್ಲಿ ಕೊಳೆಹಾಕಿದಾಗ ಏಳುವ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಸವಣೂರಿನ ನಮ್ಮ ಹಿತ್ತಲ ಡ್ರಮ್ಮಿನಿಂದ ಅದು ಇವತ್ತು ಬೆಳಿಗ್ಗೆ ಅಡುಗೆಮನೆಯವರೆಗೂ ಬಂತು. ಸೊಸೆ ಮೂಗಿಗೆ ಸೆರಗು ಹಿಡಿದಳು. ನಾನು ಅಲ್ಲೇ ನಿಂತು ಮೂಗರಳಿಸಿದೆ. ನಾನು ಕಟ್ಟಿಗೆಯ ಬಿಲ್ಲು ಮಾಡುವವಳು. ಆ ದಂಟಿನ ನಾರನ್ನೇ ಬಿಲ್ಲಿನ ಬೆನ್ನಿಗೆ ಅಂಟಿಸುವುದು. ಶಿಗ್ಗಾಂವಿಯಲ್ಲಿ ಹುಡುಗಿಯರಿಗೆ ಬಿಲ್ಲುಗಾರಿಕೆ ಕಲಿಸುವ ಒಬ್ಬರು ಸಂಜೆ ಬರುವವರಿದ್ದರು. ಬಿಲ್ಲು ಬೇಕು, ಆದರೆ ನಾರು ಬೇಡ, ಫೈಬರ್ ಪಟ್ಟಿ ಹಚ್ಚಿಕೊಡಿ ಎಂದಿದ್ದರು. ಹೂಂ ಅಂದುಬಿಡೋಣ ಎಂದೇ ಇದ್ದೆ. ವಯಸ್ಸಾದ ಮೇಲೆ ಜಗಳಕ್ಕೂ ಬೇಸರ ಬರುತ್ತದೆ ನೋಡಿ.

ಬಿಲ್ಲನ್ನು ಎಳೆದಾಗ ನಮ್ಮ ಕಡೆಗಿರುವ ಅದರ ಹೊಟ್ಟೆ ಕುಗ್ಗುತ್ತದೆ, ಆಚೆ ಕಡೆಯ ಬೆನ್ನು ಹಿಗ್ಗುತ್ತದೆ. ಹಿಗ್ಗಲಾರದ ಕಟ್ಟಿಗೆ ಮೊದಲು ಸಿಬಿರೇಳುತ್ತದೆ, ಆಮೇಲೆ ಮುರಿಯುತ್ತದೆ. ಅದಕ್ಕೇ ಬೆನ್ನಿಗೆ ಏನಾದರೂ ಅಂಟಿಸಬೇಕು. ಹತ್ತಿ ಬಟ್ಟೆ ಜೋತುಬೀಳುತ್ತದೆ. ಬಿದಿರಿನ ಸೀಳು ಗಟ್ಟಿ, ಆದರೆ ಅದರ ರುಚಿ ಹುಳಕ್ಕೂ ಗೊತ್ತು. ಹಸಿ ಚರ್ಮ ನಿಜಕ್ಕೂ ಒಳ್ಳೆಯದು, ಆದರೆ ಮಾಸೂರಿನ ನನ್ನ ತವರಿನಲ್ಲಿ ಚರ್ಮ ಹೊಸ್ತಿಲು ದಾಟುವಂತಿರಲಿಲ್ಲ. ಬಡಿಗೇರರು ಕುದಿಸುವ ಅಂಟೇ ಚರ್ಮದ್ದು ಎಂದು ನನಗೆ ಗೊತ್ತಿತ್ತು. ಹೇಳಿದ್ದರೆ ಮನೆಯ ಬಾಗಿಲುಗಳನ್ನೆಲ್ಲ ಕಿತ್ತು ಹೊರಗಿಡುತ್ತಿದ್ದರು, ಸುಮ್ಮನಿದ್ದೆ.

ಹಾನಗಲ್ ಕಡೆಯಿಂದ ತರಿಸಿದ ತಡಸಲು ಕಟ್ಟಿಗೆಯಲ್ಲಿ ನಾನು ಹುಡುಗಿಯಾಗಿದ್ದಾಗ ಮಾಡಿದ ಮೊದಲ ಎರಡು ಬಿಲ್ಲುಗಳು ಬರಿಬೆನ್ನಿನವು. ಎರಡೂ ಮುರಿದವು, ಎರಡನೆಯದು ನನ್ನ ಹಣೆಯನ್ನೂ ಒಡೆಯಿತು. ಅಪ್ಪ ಹೆದರಿದ.

“ಇನ್ನೊಂದು ಮುರೀತಂದ್ರ ಮುಗೀತವ್ವಾ. ಆಮ್ಯಾಲೆ ಬಿಲ್ಲಿನ ಹೆಸರು ತಗೀಬ್ಯಾಡ.”

ಕಾಕಾನಿಗೆ ಇದೇ ಬೇಕಾಗಿತ್ತು. “ಹೆಣ್ಮಗಳು ಬಿಲ್ಲ ಹಿಡದು ಯಾರ್ನ ಹೊಡ್ಯಾಕಿ ಅದಾಳ?” ಎಂದ.

ದೊಡ್ಡವ್ವ, ಎಂದರೆ ಅಪ್ಪನ ಅಣ್ಣನ ಹೆಂಡತಿ, ಪಡಸಾಲೆಯಲ್ಲಿ ತೊಡೆಯ ಮೇಲೆ ಹಗ್ಗ ಹೊಸೆಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: “ಯಾರ್ನರ ಯಾಕ ಹೊಡೀಬೇಕೋ? ಹೊಡ್ಯಾಕ ಬರ್ತೈತಿ ಅಂತ ಮಂದಿಗೆ ಗೊತ್ತಾದ್ರ ಸಾಕು.”

ನನಗೆ ಆ ಕ್ಷಣದಲ್ಲಿ ಆಕೆಯ ಮೇಲೆ ಉಕ್ಕಿದ ಪ್ರೀತಿಯನ್ನು ಏನು ಹೇಳಲಿ! ಮೂರನೆಯ ಬಿಲ್ಲಿಗೆ ಬೆನ್ನು ಕಟ್ಟಲು ಆಕೆಯೇ ಕುಳಿತಳು. ಊರಿನ ಅರ್ಧ ದನಗಳು ಆಕೆಯ ಹಗ್ಗದಲ್ಲೇ ಕಟ್ಟಿಸಿಕೊಂಡಿದ್ದವು. ಪುಂಡಿನಾರು ಕೈಗೆ ಬಂದರೆ ಹೊಸೆಯದೆ ಬಿಡುವವಳಲ್ಲ. ಶಾವಿಗೆಯಷ್ಟು ಸಣ್ಣ ಹುರಿ ಹೊಸೆದುಕೊಟ್ಟಳು, ಸಾಲಾಗಿ ಅಂಟಿಸಿದೆವು. ಒಣಗಿದ ಮೇಲೆ ಅಂಗಳದಲ್ಲಿ ಎಲ್ಲರೆದುರು ಎಳೆದೆ. ಮುರಿಯಿತು.

ಅಪ್ಪ “ಮುಗೀತು” ಎಂದಷ್ಟೇ ಹೇಳಿ ತುಂಡುಗಳನ್ನು ಬಚ್ಚಲ ಒಲೆಗೆ ಒಯ್ದ. ನಾನು ಅತ್ತೆ, ದುಃಖಕ್ಕಲ್ಲ, ಸಿಟ್ಟಿಗೆ. ಆದರೆ ಅಳುತ್ತಲೇ ಒಂದನ್ನು ಗಮನಿಸಿದ್ದೆ: ಕಟ್ಟಿಗೆ ಮುರಿದಿತ್ತು, ಹುರಿ ಒಂದೂ ಹರಿದಿರಲಿಲ್ಲ. ಹೊಸೆದದ್ದು ಎಳೆದಾಗ ಮೊದಲು ತನ್ನ ಸುತ್ತನ್ನು ಬಿಗಿದುಕೊಳ್ಳುತ್ತದೆ. ಭಾರ ಹೊರುವ ಹೊತ್ತಿಗೆ ಕಟ್ಟಿಗೆಯ ಕಥೆ ಮುಗಿದಿರುತ್ತದೆ. ಹಗ್ಗ ಹೊಸೆಯುವ ಮನೆಯವರಲ್ಲದೆ ಬೇರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ.

“ಹೊಸೀಬಾರ್ದು ದೊಡ್ಡವ್ವಾ. ಹಂಗ ನೆಟ್ಟಗ ಅಂಟಿಸಬೇಕು.”

“ಹೊಸೀಲಾರದ ನಾರು ಯಾ ಕೆಲಸಕ್ಕ ಬರ್ತೈತಿ? ನನಗ ಕಲಸ್ತೀ ಏನು?” ಎಂದು ಆಕೆ ನನ್ನೊಡನೆ ಮಾತೇ ಬಿಟ್ಟಳು.

ಹಿರೇಕೆರೂರಿನ ಸಂತೆಗೆ ಗಂಡಸರೆಲ್ಲ ಹೋದ ದಿನ ಹಿತ್ತಲಿಗೆ ಹೋಗಿ ನೋಡುತ್ತೇನೆ, ದೊಡ್ಡವ್ವ ತನ್ನ ತಲೆ ಬಾಚುವ ಹಣಿಗೆಯಿಂದ ನಾರನ್ನು ಎಳೆ ಎಳೆಯಾಗಿ ಬಾಚುತ್ತಿದ್ದಾಳೆ. ಪಕ್ಕದಲ್ಲಿ ಹೊಸ ಕಟ್ಟಿಗೆ.

“ಅಪ್ಪ ಬ್ಯಾಡಂದಾನ,” ಎಂದೆ.

“ನಿನಗ ಬ್ಯಾಡಂದಾನ. ನನಗ ಬ್ಯಾಡನ್ನಾಕ ಅವಗ ಧೈರ್ಯ ಐತೇನು? ಅಂಟು ತಗೊಂಬಾ.”

ನಾರನ್ನು ನೆಟ್ಟಗೆ ಅಂಟಿಸಿದ ಆ ಬಿಲ್ಲು ಮುರಿಯದೆ ನಿಂತಿತು. ಕಿವಿಯವರೆಗೂ ಎಳೆದೆ, ನಿಂತಿತು. ಅಪ್ಪ ನೋಡಿದ, ನೋಡಲಿಲ್ಲ ಎನ್ನುವ ಹಾಗೆ ದನಗಳಿಗೆ ಮೇವು ಹಾಕಲು ಹೋದ. ಬೇಡ ಎಂದು ಮತ್ತೆ ಹೇಳಲಿಲ್ಲ. ಆ ಹಿತ್ತಲಲ್ಲಿ ದೊಡ್ಡವ್ವ ಕೂರದಿದ್ದರೆ ನಾನು ಏನಾಗುತ್ತಿದ್ದೆನೋ.

ಇವತ್ತು ಸಂಜೆ ಶಿಗ್ಗಾಂವಿಯವರು ಬಂದರು, ಪಟ್ಟಿಗಳನ್ನೂ ತಂದಿದ್ದರು. ಚಹಾ ಕೊಟ್ಟು, ಹೂಂ ಅನ್ನುವ ಬದಲು ನಾರುಬೆನ್ನಿನ ಬಿಲ್ಲನ್ನು ಅವರ ಕೈಗಿಟ್ಟೆ. ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಅರ್ಧ ಎಳೆದರು.

“ಪೂರಾ ಎಳೀರಿ.”

“ಮುರದ್ರ ಏನ್ ಮಾಡೂದ್ರಿ ಅಕ್ಕಾರ?”

“ಇನ್ನೊಂದು ಮಾಡಿಕೊಡ್ತೇನಿ. ಅದೂ ಮುರದ್ರ ಮತ್ತೊಂದು. ಆದ್ರ ಬಿಲ್ಲು ಮುರೀತಂತ ಯಾ ಹುಡುಗಿಗೂ ‘ಸಾಕು, ಮನೀಗೆ ನಡಿ’ ಅನ್ನೂದಿಲ್ಲಂತ ನನಗ ಮಾತು ಕೊಡ್ರಿ. ಕೊಟ್ರ ಬಿಲ್ಲು ಒಯ್ರಿ. ಇಲ್ಲಾಂದ್ರ ನಿಮ್ಮ ಪಟ್ಟಿ ನಿಮಗ, ನನ್ನ ಬಿಲ್ಲು ನನಗ.”

ಅವರು ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ನಾನು ನಿಂತಿದ್ದೆ. ಮಾತು ಕೊಡುವವರೆಗೂ ಸರಿಯಲಿಲ್ಲ.