ಮೈದುನ ಮೊದಲೇ ಕಳಿಸಿದ ನಡೆ

ನನ್ನ ಮೈದುನ ಮಾದಾಪುರದಲ್ಲಿ ಇಂಜಿನಿಯರು. ಚೆಸ್ ಟೂರ್ನಿಗಳಲ್ಲಿ ಆಡಿ ದೊಡ್ಡ ರೇಟಿಂಗ್ ಗಳಿಸಿದವನು. ನಾನು ಸನತ್‌ನಗರದ ಮನೆಯಲ್ಲಿ ಪೂಜೆ, ಅಡುಗೆ ಮುಗಿಸಿ ಫೋನಿನಲ್ಲಿ ಆಡುವವಳು. ನನ್ನ ರೇಟಿಂಗ್ ಹೇಳಿಕೊಳ್ಳುವಂಥದ್ದಲ್ಲ. ಆದರೂ ಒಮ್ಮೆ ಅವನ ಗೆಳೆಯನನ್ನು ಸೋಲಿಸಿಬಿಟ್ಟೆ. ಹಬ್ಬದ ಪಂಕ್ತಿಯಲ್ಲಿ ಮೈದುನ ಅದನ್ನೇ ಎತ್ತಿದ.

"ವೈನೀ, ಖರೆ ಹೇಳ್ರಿ, ಅಣ್ಣಾ ಹಿಂದ ಕುಂತು ಹೇಳಿಕೊಟ್ಟಾನಿಲ್ಲೋ? ಇದೇನ್ ಚಟ್ನಿ ಅರಿಯೂದಲ್ರಿ!"

ಎಲ್ಲರೂ ನಕ್ಕರು, ಅತ್ತೆಯೂ. ಕೈಯಲ್ಲಿದ್ದ ಬಿಸಿ ಸಾರು ಅವನ ಮೇಲೆ ಚೆಲ್ಲಲಿಲ್ಲ. ಅದು ರಾಯರ ಕರುಣೆ.

"ನನ್ನ ಕೂಡ ಆಡಪಾ," ಅಂದೆ. "ನಾ ಗೆದ್ರ, ವೈನಿ ತಮ್ಮ ತಲಿಯಿಂದನ ಆಡ್ತಾರಂತ ಇದ ಪಂಕ್ತ್ಯಾಗ ಹೇಳಬೇಕು."

"ಆತ್ರಿ. ಆದ್ರ ಅಂಚೆ ಆಟದ ಕಾಯ್ದೆ. ವಾಟ್ಸಾಪ್‌ನಾಗ ಕಳಿಸಿದ ನಡಿ ವಾಪಸ್ ಇಲ್ಲ."

ದಿನಕ್ಕೊಂದು ನಡೆ ಬರೆದು ಕಳಿಸುತ್ತಿದ್ದೆವು. ಮಣೆಯನ್ನು ಫ್ರಿಜ್ಜಿನ ಮೇಲೆ ಇಟ್ಟಿದ್ದೆ. ಬೆಳಿಗ್ಗೆ ದೀಪ ಹಚ್ಚಿ ನನ್ನ ಗೆಲುವನ್ನು ಬೇಡಲಿಲ್ಲ, ಅವನ ಸೋಲನ್ನೇ ಬೇಡಿದೆ.

ಅಂಚೆಯಲ್ಲಿ ಆಡುವವರು ಹೊತ್ತು ಉಳಿಸಲು ಮುಂದಿನ ನಡೆಯನ್ನೂ ಮೊದಲೇ ಬರೆದು ಕಳಿಸುವುದುಂಟು. ಮೈದುನನಿಗೆ ನನ್ನ ಉತ್ತರಕ್ಕೆ ಕಾಯುವುದೇ ಬೇಸರವಾಗಿತ್ತು. ಒಂದು ದಿನ ಬರೆದ: "ಈಗ ಕುದುರೆ. ನೀವು ಏನರ ಆಡ್ರಿ, ನಂದು ಮುಂದಿನ ನಡಿ ರಾಜಗ ಕೋಟೆ."

ಏನಾದರೂ ಆಡಬಹುದಂತೆ. ಆಡಿದೆ. ಒಂಟೆಯನ್ನು ಸರಿಸಿ ಅವನ ರಾಣಿಯ ಮೇಲೆ ಗುರಿಯಿಟ್ಟೆ. ರಾಣಿ ಓಡುವಂತಿರಲಿಲ್ಲ, ಮೊದಲೇ ಕಳಿಸಿದ್ದರಿಂದ ಅವನು ಕೋಟೆ ಕಟ್ಟಲೇಬೇಕಿತ್ತು. ರಾಣಿಯನ್ನು ಎತ್ತಿಕೊಂಡೆ.

ಕೂಡಲೇ ಫೋನು. "ವೈನೀ, ಗಡಿಬಿಡ್ಯಾಗ ಕಳಿಸಿದ್ದು. ಮನೀ ಮಂದಿ ಆಟ, ಬಿಡ್ರಿ."

"ಕಾಯ್ದೆ ನಿಂದ ಅಲ್ಲೇನಪಾ?"

ಆಮೇಲೆ ಬೇಗ ಮುಗಿಸಬಹುದಿತ್ತು. ಮುಗಿಸಲಿಲ್ಲ. ಆನೆ, ಕುದುರೆ, ಪ್ಯಾದೆ, ಒಂದೊಂದನ್ನೇ ಬಿಡಿಸಿ ತೆಗೆದೆ. ಕೊನೆಗೆ ಅವನೇ "ಸೋತೆ" ಎಂದು ಬರೆದ.

ಮುಂದಿನ ಹಬ್ಬಕ್ಕೆ ಎಲ್ಲರೂ ಕೂತರು. ಹೋಳಿಗೆ ಬಡಿಸಿ, ತುಪ್ಪದ ಗಿಂಡಿ ಹಿಡಿದು ಅವನ ಎದುರು ನಿಂತೆ.

"ವೈನಿ ತಮ್ಮ ತಲಿಯಿಂದನ ಆಡ್ತಾರ," ಅಂದ, ಎಲೆ ನೋಡುತ್ತ.

"ಅತ್ತ್ಯಾರಿಗೆ ಕಿವಿ ಮಂದ ಆಗ್ಯಾವ. ಇನ್ನೊಮ್ಮೆ, ಜೋರಾಗಿ."

ಜೋರಾಗಿ ಹೇಳಿದ. ತುಪ್ಪ ಬಿಟ್ಟೆ. ವೈನಿ ಕ್ಷಮಿಸಿದಳು ಎಂದುಕೊಂಡಿರಬೇಕು. ಅಂದುಕೊಳ್ಳಲಿ.