ನಾಲ್ಕುನೂರ ಹನ್ನೆರಡನೆಯ ಚೀಟಿ

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದ ಒಂಬತ್ತನ್ನೂ ಮಾಂಸಕ್ಕೆ ಅಂಟಿದಂತೆ ಕತ್ತರಿಸಿರುತ್ತಿದ್ದರು. ಈ ಒಂದನ್ನು ಉಳಿಸಿಕೊಂಡಿದ್ದು ಮೊಗ್ಗು ಸೀಳುವುದಕ್ಕೆ. ಲ್ಯಾಬಿನಲ್ಲಿ ಬ್ಲೇಡು, ಸೂಜಿ, ಚಿಮುಟ ಎಲ್ಲ ಇದ್ದವು. ಆದರೂ ನಮ್ಮ ಪ್ರೊಫೆಸರು ಮೊಗ್ಗನ್ನು ಅಂಗೈಯಲ್ಲಿಟ್ಟುಕೊಂಡು ಆ ಉಗುರಿನಿಂದ ಒಂದು ಗೀರು ಎಳೆದರೆ ಸಾಕು, ಒಳಗಿನ ಎಳೆ ಬೀಜಗಳು ಒಂದೂ ಹರಿಯದೆ ಸಾಲಾಗಿ ಕಾಣುತ್ತಿದ್ದವು. ಉಗುರಿನ ಅಂಚು ಸದಾ ಹಸಿರು. ಮೊದಲ ಸಲ ನೋಡಿದಾಗ ನನಗೆ ಇಪ್ಪತ್ತಮೂರು ವರ್ಷ, ಕೈಮುಗಿಯಬೇಕು ಅನ್ನಿಸಿತ್ತು. ಆಮೇಲೆ ಎಷ್ಟೋ ವರ್ಷ ಆ ಉಗುರು ಬುಡಸಮೇತ ಕಿತ್ತುಬರಲಿ ಎಂದು ಶಾಪ ಹಾಕಿದವಳೂ ನಾನೇ.

ಮದ್ರಾಸಿನ ಆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಅವರು ಸಸ್ಯಶಾಸ್ತ್ರದ ಪ್ರೊಫೆಸರು, ನಾನು ಅವರ ಕೈಕೆಳಗೆ ಪಿಎಚ್.ಡಿ.ಗೆ ಸೇರಿದ ಹುಡುಗಿ. ನಮ್ಮಪ್ಪ ರೈಲ್ವೆಯಲ್ಲಿ ಗುಮಾಸ್ತರು. ಪೆರಂಬೂರಿನ ಕ್ವಾರ್ಟರ್ಸಿನಲ್ಲಿ ನಾವಾಡುತ್ತಿದ್ದುದು ಅರ್ಧ ಕನ್ನಡ, ಅರ್ಧ ತಮಿಳು. ಪ್ರೊಫೆಸರದು ತಲೆಮಾರುಗಳಿಂದ ಮದ್ರಾಸಿನಲ್ಲೇ ನೆಲೆಸಿದ ಮಾಧ್ವರ ಮನೆ. ಹಣೆಯ ಮೇಲೆ ಅಂಗಾರದ ಕರಿ ಗೆರೆ, ಕೊರಳಲ್ಲಿ ಭೂತಗನ್ನಡಿ. ಇಂಟರ್‌ವ್ಯೂನಲ್ಲಿ ನನ್ನ ಹೆಸರು ಕೇಳಿ, "ಕನ್ನಡದೋಳಾ? ಸರಿ, ನಾಳೆಯಿಂದ ಬಾ" ಅಂದಿದ್ದರು. ಅವರ ಒಂದು ಗುಣ ತಿಳಿಯುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಏನಾದರೂ ಬೇಕಾದರೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಕೊಡುವುದಿಲ್ಲ ಅನ್ನುವುದಾದರೆ ಇಂಗ್ಲಿಷಿನಲ್ಲಿ.

ಪಾಠ ಹೇಳುವುದರಲ್ಲಿ ಮಾತ್ರ ಅವರನ್ನು ಮೀರಿಸಿದವರಿಲ್ಲ. ಇದನ್ನು ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ, ಆದರೂ ಬರೆಯಬೇಕು. ಮೊದಲ ವಾರ ನನ್ನನ್ನು ಕ್ಯಾಂಪಸ್ಸಿನ ಮೋರಿಯ ಪಕ್ಕ ಕೂರಿಸಿ, "ಈ ಒಂದು ಗಿಡ ನೋಡ್ತಾ ಇರು, ಊಟದ ಹೊತ್ತಿಗೆ ಬರ್ತೀನಿ" ಎಂದು ಹೋದರು. ಬಂದು ಕೇಳಿದರು, "ಏನ್ ಕಂಡಿತು?" ಎಲೆ, ಕಾಂಡ, ಹೂವು ಅಂತ ಪುಸ್ತಕದ್ದೆಲ್ಲ ಒಪ್ಪಿಸಿದೆ. "ಇರುವೆ ಯಾವ ಕಡೆಯಿಂದ ಹತ್ತಿತು?" ಅಂದರು. ಇರುವೆಯನ್ನು ನಾನು ಕಂಡೇ ಇರಲಿಲ್ಲ. "ಹಾಗಾದ್ರೆ ನೀನು ನೋಡೇ ಇಲ್ಲ. ಕೂತ್ಕೋ" ಎಂದು ಮತ್ತೆ ಹೊರಟೇಬಿಟ್ಟರು. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ನಾನು ಕೂತೆ. ಆವತ್ತು ಸಂಜೆಯೊಳಗೆ ನನ್ನ ಕಣ್ಣು ಬೇರೆಯೇ ಆಯಿತು.

ನಮ್ಮ ಕೆಲಸದ ಪದ್ಧತಿ ಸ್ವಲ್ಪ ಹೇಳಬೇಕು. ಹೊರಗೆ ಹೋಗಿ ಗಿಡ ಕಿತ್ತು ತರುತ್ತೇವೆ, ಒತ್ತಿ ಒಣಗಿಸಿ ದಪ್ಪ ಹಾಳೆಗೆ ಹೊಲಿಯುತ್ತೇವೆ. ಹಾಳೆಯ ಬಲಮೂಲೆಯಲ್ಲಿ ಒಂದು ಚೀಟಿ: ಎಲ್ಲಿ ಸಿಕ್ಕಿತು, ಯಾವತ್ತು, ಯಾರು ಕಿತ್ತರು, ಕಿತ್ತವರ ಲೆಕ್ಕದಲ್ಲಿ ಎಷ್ಟನೆಯದು. ಒಂದೇ ಜಾಗದಲ್ಲಿ ಕಿತ್ತ ಗಿಡಗಳಿಂದ ಮೂರು ನಾಲ್ಕು ಹಾಳೆ ಮಾಡಿ, ಒಂದನ್ನು ನಮ್ಮಲ್ಲಿಟ್ಟುಕೊಂಡು ಉಳಿದವನ್ನು ಬೇರೆ ಊರುಗಳ ಸಂಗ್ರಹಾಲಯಗಳಿಗೆ ಕಳಿಸುತ್ತೇವೆ. ನಮ್ಮ ಹಾಳೆಗೆ ಕೈಬರಹದ ಮೂಲ ಚೀಟಿ, ಹೊರಗೆ ಹೋಗುವುದಕ್ಕೆ ಅದರ ಟೈಪು ಮಾಡಿದ ನಕಲು. ಚೀಟಿಯ ವಿಷಯದಲ್ಲಿ ಪ್ರೊಫೆಸರು ದೂರ್ವಾಸರೇ ಸೈ. ತಪ್ಪು ಬರೆದ ಚೀಟಿಯನ್ನೂ ಹರಿಯಕೂಡದು, ಅದರ ಕೆಳಗೆ ಇನ್ನೊಂದು ಅಂಟಿಸಬೇಕು. ಒಂದು ಸಲ ನನ್ನ ಜೊತೆಯವಳೊಬ್ಬಳು ಮಸಿ ಚೆಲ್ಲಿದ ಚೀಟಿಯನ್ನು ಹರಿದು ಬುಟ್ಟಿಗೆ ಎಸೆದಳು. ಇಡೀ ಬುಟ್ಟಿಯನ್ನು ನೆಲಕ್ಕೆ ಸುರಿಸಿ, ಆ ಚೂರುಗಳನ್ನು ಹುಡುಕಿಸಿ ಜೋಡಿಸಿದ ಮೇಲೇ ಅವಳನ್ನು ಮನೆಗೆ ಬಿಟ್ಟರು.

ಮೂರನೆಯ ವರ್ಷ ಚೆಂಗಲ್ಪಟ್ಟಿನ ಆಚೆ ಒಂದು ಕೆರೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಒಂದು ಸಣ್ಣ ಗಿಡ ಕಿತ್ತೆ. ಅಕ್ಕಿಕಾಳಿನಷ್ಟು ಬಿಳಿಯ ಹೂವು. ನೀರು ಅಲುಗಿದರೆ ಮುಚ್ಚಿಕೊಳ್ಳುತ್ತಿತ್ತು, ಅಲುಗದೆ ನಿಂತರೆ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ನನ್ನ ಲೆಕ್ಕದಲ್ಲಿ ಅದು ನಾಲ್ಕುನೂರ ಹನ್ನೆರಡನೆಯದು. ಪ್ರೊಫೆಸರು ಆವತ್ತು ಬಂದಿರಲಿಲ್ಲ, ಮೊಣಕಾಲು ನೋವು. ಮಾರನೆಯ ದಿನ ಮೊಗ್ಗು ಸೀಳಿ ಭೂತಗನ್ನಡಿಯಲ್ಲಿ ನೋಡಿದರು, ಮತ್ತೆ ನೋಡಿದರು. "ಏ ಹುಡುಗಿ, ಇದು ಹೊಸದು ಕಣೇ! ಯಾವ ಪುಸ್ತಕದಲ್ಲೂ ಇಲ್ಲ. ನಿನ್ ಜನ್ಮ ಸಾರ್ಥಕ ಆಯ್ತು ಹೋಗು!" ಅಂದರು. ಪೆರಂಬೂರಿಗೆ ಹೋಗುವ ಬಸ್ಸಿನಲ್ಲಿ ನಾನು ಒಬ್ಬಳೇ ನಗುತ್ತಿದ್ದೆ. ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಎಂಟು ತಿಂಗಳ ಮೇಲೆ ಸಸ್ಯಶಾಸ್ತ್ರದ ಪತ್ರಿಕೆಯಲ್ಲಿ ಲೇಖನ ಬಂತು. ಹೊಸ ಸಸ್ಯ. ಕಂಡುಹಿಡಿದವರು ಪ್ರೊಫೆಸರು. ಕಿತ್ತವರೂ ಪ್ರೊಫೆಸರೇ. ಕೊನೆಯಲ್ಲಿ ಒಂದು ಸಾಲು, ಗಿಡಗಳನ್ನು ಅಚ್ಚುಕಟ್ಟಾಗಿ ಒತ್ತಿ ಒಣಗಿಸಿದ್ದಕ್ಕೆ ನನಗೆ ವಂದನೆ. ಹಪ್ಪಳ ಒಣಗಿಸಿಕೊಟ್ಟವಳಿಗೆ ಹೇಳುವ ಹಾಗೆ! ಓಡಿಹೋಗಿ ಬೀರು ತೆಗೆದೆ. ಹಾಳೆ ಅದೇ, ಗಿಡ ಅದೇ, ನಾನು ಹೊಲಿದ ದಾರವೂ ಅದೇ. ಚೀಟಿ ಮಾತ್ರ ಹೊಸದು, ಟೈಪು ಮಾಡಿದ್ದು, ಅವರ ಹೆಸರಿನದು.

ಕೋಣೆಗೆ ನುಗ್ಗಿ ಕೇಳಿದೆ. ಅವರು ಇಂಗ್ಲಿಷಿಗೆ ಹೊರಳಿದರು. ವಿದ್ಯಾರ್ಥಿ ಏನು ಕಿತ್ತರೂ ಅದು ಗೈಡಿನ ಪರವಾಗಿ ಕಿತ್ತದ್ದಂತೆ. ಎಲ್ಲ ಕಡೆಯೂ ಹೀಗೇ ಅಂತೆ. ನನಗಿನ್ನೂ ಚಿಕ್ಕ ವಯಸ್ಸಂತೆ. ನಾನು ರಿಜಿಸ್ಟ್ರಾರರಿಗೆ ಅರ್ಜಿ ಬರೆದೆ. ಅರ್ಜಿ ಎಲ್ಲಿ ಹೋಯಿತೋ! ನನ್ನ ಥೀಸಿಸ್ ಮಾತ್ರ ಅವರ ಮೇಜಿನ ಮೇಲೆ ಮೂರು ವರ್ಷ ಮಲಗಿತು. ಹೋದಾಗಲೆಲ್ಲ ಇನ್ನೊಂದು ಅಧ್ಯಾಯ ತಿದ್ದು ಅಂದರು, ಸಹಿ ಹಾಕಲೇ ಇಲ್ಲ. "ವಿಟ್ಟುಡು ಮಾ, ಬಿಟ್ಬಿಡು. ಅವರು ದೊಡ್ಡೋರು. ನಮ್ಮಂಥೋರು ಅವರ ಹತ್ರ ವಂಬು, ಜಗಳ ಇಟ್ಕೊಂಡ್ರೆ ಆಗತ್ತಾ?" ಅಂದರು ನಮ್ಮಪ್ಪ. ನಾನು ಅಡ್ಯಾರಿನ ಒಂದು ಶಾಲೆಯಲ್ಲಿ ಟೀಚರಾದೆ. ಮೂವತ್ತು ವರ್ಷ ಹತ್ತನೆಯ ಕ್ಲಾಸಿನ ಮಕ್ಕಳಿಗೆ ದಾಸವಾಳ ಕೊಯ್ದು ತೋರಿಸಿದೆ. ಒಳ್ಳೆಯ ಮಕ್ಕಳೇ, ಒಳ್ಳೆಯ ಕೆಲಸವೇ. ಆದರೆ ನಾನು ಹೊರಟಿದ್ದು ಅಲ್ಲಿಗಲ್ಲವಲ್ಲ!

ಹೋದ ವರ್ಷ ವಿಭಾಗದ ಈಗಿನ ಮುಖ್ಯಸ್ಥೆ ಫೋನು ಮಾಡಿದಳು. ನನಗಿಂತ ಎಷ್ಟೋ ಕಿರಿಯಳು, ತಮಿಳಿನವಳು, ಒಳ್ಳೆಯ ಹೆಣ್ಣುಮಗಳು. ವಿಶ್ವವಿದ್ಯಾಲಯ ತನ್ನ ಗಣ್ಯ ಅಧ್ಯಾಪಕರ ಮತ್ತು ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ವೆಬ್‌ಸೈಟಿಗೆ ಹಾಕುತ್ತಿದೆಯಂತೆ. ನ್ಯಾಯಾಧೀಶರು, ಮಂತ್ರಿಗಳು, ಇಬ್ಬರು ಕ್ರಿಕೆಟಿಗರು, ಅವರ ನಡುವೆ ನಮ್ಮ ಪ್ರೊಫೆಸರು. ಅವರ ಬಗ್ಗೆ ಒಂದು ಪುಟ ಬೇಕು. "ಮೇಡಂ, ನೀಂಗ ಎಳುದಿನಾದಾನ್ ನಲ್ಲಾ ಇರುಕ್ಕುಂ" ಅಂದಳು. ನಾನು ಬರೆದರೇ ಚೆನ್ನಾಗಿರುತ್ತದಂತೆ! ಅವರ ಹೆಸರಿನ ಮುಂದೆ ಹಾಕುವ ಸಾಲನ್ನೂ ಓದಿ ಹೇಳಿದಳು: ಅಪರೂಪದ ಜಲಸಸ್ಯವೊಂದನ್ನು ಕಂಡುಹಿಡಿದವರು. "ಖಂಡಿತ ಬರೀತೀನಮ್ಮ" ಅಂದೆ. ಸುಳ್ಳೇಕೆ, ಆ ದಿನ ನನಗೆ ಹಬ್ಬದ ಸಡಗರ.

ಆದರೆ ನಿಜ ಬರೆಯಲು ಪುರಾವೆ ಬೇಕಲ್ಲ. ಈಗ ಸಂಗ್ರಹಾಲಯಗಳೆಲ್ಲ ಹಾಳೆಗಳ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿವೆ. ಗಿಡದ ಹೆಸರು ಹಾಕಿ ಹುಡುಕಿದೆ. ಉತ್ತರದ ಒಂದು ಊರಿನಲ್ಲಿ ಒಂದು ಹಾಳೆ ಇತ್ತು. ದೊಡ್ಡದು ಮಾಡಿ ನೋಡುತ್ತೇನೆ, ಬಲಮೂಲೆಯಲ್ಲಿ ನನ್ನ ಅಕ್ಷರ! ಚೆಂಗಲ್ಪಟ್ಟು, ಕೆರೆ, ತಾರೀಖು, ನನ್ನ ಹೆಸರು, ನಾಲ್ಕುನೂರ ಹನ್ನೆರಡು. ನನ್ನ ಮೂಲ ಚೀಟಿ. ಟೈಪು ಮಾಡಿದ ನಕಲು ಇರಬೇಕಾದ ಜಾಗದಲ್ಲಿ ಕೈಬರಹದ ಚೀಟಿ ಹೇಗೆ ಹೋಯಿತು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅದರ ಪ್ರಿಂಟು ತೆಗೆಸಿಕೊಂಡು ಅಣ್ಣಾ ನಗರದ ಅವರ ಮನೆಗೆ ಹೋದೆ.

ಅವರಿಗೆ ಎಂಬತ್ತಾರು. ಸೊಸೆ ಕಾಫಿ ತಂದಿಟ್ಟು, "ಮಾವಂಗೆ ಸರಿಯಾಗಿ ಕೇಳ್ಸಲ್ಲ ಆಂಟಿ, ಸ್ವಲ್ಪ ಜೋರಾಗಿ ಮಾತಾಡಿ" ಎಂದು ಅಲ್ಲೇ ಕುರ್ಚಿಯಲ್ಲಿ ಕೂತಳು. ಕೇಳಿಸಿಕೊಳ್ಳಲಿ, ಒಳ್ಳೆಯದೇ ಆಯಿತು ಅಂದುಕೊಂಡೆ. ಪ್ರಿಂಟನ್ನು ಅವರ ತೊಡೆಯ ಮೇಲಿಟ್ಟೆ. ಭೂತಗನ್ನಡಿ ಎತ್ತಿ ಬಹಳ ಹೊತ್ತು ನೋಡಿದರು.

"ಸಿಕ್ಕಿತಾ?" ಅಂದರು, ಕನ್ನಡದಲ್ಲಿ. "ಅಂಟಿಸಿ ಕಳಿಸಿದ್ದು ನಾನೇ."

"ಏನಂದ್ರಿ?"

"ನಮ್ಮ ಹಾಳೆಯಿಂದ ನಿನ್ ಚೀಟಿ ಬಿಡಿಸಿದೆ. ಹರಿಯೋಣ ಅಂತ ಕೈಲಿ ಹಿಡ್ಕೊಂಡೆ. ಆಗ್ಲಿಲ್ಲ. ಚೀಟಿ ಹರಿಯಕ್ಕೆ ಕೈ ಬರ್ಲಿಲ್ಲ ಕಣೇ. ಹೊರಗೆ ಕಳಿಸೋ ಹಾಳೆಗೆ ಅಂಟಿಸಿಬಿಟ್ಟೆ."

ಇದನ್ನು ಹೇಳುವಾಗ ಅವರ ದನಿಯಲ್ಲಿ ಒಂದು ಬಗೆಯ ಹೆಮ್ಮೆ ಇತ್ತು. ನಾನು ಮೆಚ್ಚುತ್ತೇನೆ ಎಂದುಕೊಂಡಿದ್ದರೋ ಏನೋ! ಮೂವತ್ತು ವರ್ಷ ನಾನು ಒಂದು ಸಮಾಧಾನ ಹೇಳಿಕೊಂಡಿದ್ದೆ: ಅವರ ಕಾಲದವರು ಹಾಗೇ, ವಿದ್ಯಾರ್ಥಿಯದೆಲ್ಲ ತಮ್ಮದು ಅಂತಲೇ ನಂಬಿದವರು, ಕದ್ದದ್ದು ಅವರಿಗೆ ಗೊತ್ತೇ ಇಲ್ಲ ಅಂತ. ಇಲ್ಲ, ಗೊತ್ತಿತ್ತು. ಬಿಡಿಸುವಾಗ ಗೊತ್ತಿತ್ತು, ಅಂಟಿಸುವಾಗ ಗೊತ್ತಿತ್ತು, ನಾನು ಥೀಸಿಸ್ ಹಿಡಿದು ಬಾಗಿಲಲ್ಲಿ ನಿಂತಾಗಲೆಲ್ಲ ಗೊತ್ತಿತ್ತು.

"ಚೀಟಿ ಹರಿಯಕ್ಕೆ ಕೈ ಬರ್ಲಿಲ್ವಾ ಸಾರ್? ನನ್ ಬಾಳು ಹರಿಯಕ್ಕೆ ಬಂತಲ್ಲ!"

ಸೊಸೆ ಎದ್ದು ನಿಂತಳು. ಅವರು ಅವಳನ್ನು ಕೂರುವಂತೆ ಸನ್ನೆ ಮಾಡಿ ನನ್ನ ಕಡೆ ತಿರುಗಿದರು. "ಈಗ ಏನ್ ಬೇಕು ನಿಂಗೆ?"

"ನನ್ ಹೆಸರು."

"ಈ ವಯಸ್ಸಲ್ಲಿ ಹೆಸರು ತೊಗೊಂಡು ಏನ್ಮಾಡ್ತೀಯ?"

"ಆ ವಯಸ್ಸಲ್ಲಿ ತೊಗೊಂಡು ನೀವೇನ್ ಮಾಡಿದ್ರೋ ಅದೇ. ಈಗ ಹೇಳಿದ್ದನ್ನ ಬರೆದು ಸಹಿ ಹಾಕಿಕೊಡಿ."

ಅವರು ತುಂಬ ಮೆತ್ತಗೆ, "ನಾನಿನ್ನು ಎಷ್ಟು ದಿನ? ನಾನು ಹೋದ್ಮೇಲೆ ಹಾಕ್ಕೋ. ಈ ಪಟ್ಟಿ ಒಂದು ಬಂದುಹೋಗ್ಲಿ" ಅಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಬೇಡಿದ್ದು ಅದೊಂದೇ ಸಲ. ಬೇರೆ ಯಾರಾದರೂ ಕರಗುತ್ತಿದ್ದರೇನೋ. ನಾನು ಕರಗಲಿಲ್ಲ. "ನೀವು ಹೋದ್ಮೇಲೆ ಯಾರಿಗೆ ಬೇಕು ಸಾರ್? ನೀವು ಓದ್ಬೇಕು" ಅಂದೆ. ನನ್ನ ಬ್ಯಾಗಿನಿಂದಲೇ ಹಾಳೆ, ಪೆನ್ನು ತೆಗೆದುಕೊಟ್ಟೆ. ಬರೆದರು. ಅಕ್ಷರ ಈಗಲೂ ಮುತ್ತಿನಂತೆ. ಸಹಿ ಒಣಗುವವರೆಗೂ ಕಾಯದೆ ಮಡಿಸಿಕೊಂಡು ಬಂದೆ. ಕಾಫಿ ಮುಟ್ಟಲಿಲ್ಲ.

ಮುಖ್ಯಸ್ಥೆಗೆ ಒಂದು ಪ್ರತಿ, ಲೇಖನ ಬಂದಿದ್ದ ಪತ್ರಿಕೆಗೆ ಇನ್ನೊಂದು. ಅವಳು "ಅಯ್ಯೋ ಮೇಡಂ" ಎಂದು ಎರಡು ದಿನ ಒದ್ದಾಡಿದಳು, ಆಮೇಲೆ ಧೈರ್ಯ ಮಾಡಿದಳು. ಪಟ್ಟಿಯಲ್ಲಿ ಪ್ರೊಫೆಸರ ಹೆಸರು ಉಳಿಯಿತು, ಗಿಡದ ಸಾಲು ಹೋಯಿತು. ಪತ್ರಿಕೆ ನನ್ನ ಒಂದು ಪುಟದ ತಿದ್ದುಪಡಿಯನ್ನು ಚೀಟಿಯ ಫೋಟೋದೊಂದಿಗೆ ಅಚ್ಚು ಹಾಕಿತು. ನಾನೇ ಅದನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಅಣ್ಣಾ ನಗರಕ್ಕೆ ಕಳಿಸಿದೆ. ಪ್ರತಿವರ್ಷ ಹುಟ್ಟುಹಬ್ಬಕ್ಕೆ ಹಾರ ಹಿಡಿದು ಹೋಗುತ್ತಿದ್ದ ಹಳೆಯ ಶಿಷ್ಯರಲ್ಲಿ ಅರ್ಧದಷ್ಟು ಜನ ಈ ಸಲ ಹೋಗಲಿಲ್ಲವಂತೆ. ಕೇಳಿ ಸಂತೋಷವಾಯಿತು. ಪಾಪ ಅನ್ನಿಸಲಿಲ್ಲವೇ ಎಂದು ನನ್ನ ತಂಗಿ ಕೇಳಿದಳು. ಇಲ್ಲ, ಅನ್ನಿಸಲಿಲ್ಲ.

ಮೂರು ತಿಂಗಳಿಗೆ ಅವರು ತೀರಿಕೊಂಡರು. ವಿಭಾಗದಲ್ಲಿ ಸಂತಾಪ ಸಭೆ ಇತ್ತು. ನನ್ನನ್ನು ಯಾರೂ ಕರೆದಿರಲಿಲ್ಲ, ಆದರೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಎಲ್ಲರೂ ಅವರ ವಿದ್ವತ್ತು, ಅವರ ಶಿಸ್ತು ಅಂದರು. ಯಾರೂ ನನ್ನ ಕಡೆ ತಿರುಗಲಿಲ್ಲ. ಮುಗಿದ ಮೇಲೆ ಸೊಸೆ ನೇರವಾಗಿ ನನ್ನ ಹತ್ತಿರ ಬಂದಳು. ಅತ್ತು ಅತ್ತು ಅವಳ ಕಣ್ಣು ಊದಿತ್ತು.

"ನಿಮ್ಮ ಪುಟ ಬಂದ ದಿನ ಮಾವ ಊಟ ಮಾಡ್ಲಿಲ್ಲ, ಗೊತ್ತಾ ಆಂಟಿ? ಇಷ್ಟೆಲ್ಲ ಮಾಡಿ ಈಗ ಯಾಕೆ ಬಂದ್ರಿ?"

ಬೈದರೆ ಬೈಸಿಕೊಳ್ಳೋಣ ಎಂದೇ ಹೋಗಿದ್ದೆ. ಅವಳಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ನಂಗೆ ಅವರಷ್ಟು ಚೆನ್ನಾಗಿ ಯಾರೂ ಪಾಠ ಹೇಳಿಲ್ಲಮ್ಮ. ಅದಕ್ಕೇ ಬಂದೆ" ಅಂದೆ. "ಬೇರೆ ಯಾರಾದ್ರೂ ಕದ್ದಿದ್ರೆ ಎಂದೋ ಬಿಟ್ಟುಬಿಡ್ತಿದ್ದೆ."